ಮಂಜವ್ವನ ಹುಣಸೀಬೀಜ

ಮಂಜವ್ವ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಫೇಲಾದಾಕೆ. ಮೂರನೇ ಸಲ ಮೂವತ್ತಾರು ಮಾರ್ಕು ತಗೊಂಡು ಪಾಸಾದಾಗ ಅವಳಿಗೆ ಮೂವತ್ತಮೂರು ವರ್ಷ. ಗಂಡ ಗುಡ್ಡಪ್ಪ ಶಿಗ್ಗಾಂವಿ ಪೇಟೆಯಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲ. ಅವನು ಆವತ್ತು ಪೇಢೆ ತಂದು ಕೇರಿಗೆಲ್ಲ ಹಂಚಿದ. ಮಂಜವ್ವ ನನ್ನ ಕೈಗೊಂದು ಪೇಢೆ ಇಟ್ಟು ಹೇಳಿದ್ದು ಇಷ್ಟು: ‘ಅಣ್ಣಾ, ಲೆಕ್ಕಾ ಎಲ್ಲಿ ತಪ್ಪತೈತಿ ಅನ್ನೂದು ಲೆಕ್ಕಾ ಬರದಾಕಿಗೇ ಚೊಲೋ ಗೊತ್ತಿರತೈತಿ.’

ನಾನು ಚಾಷ್ಟಿ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಶಿಗ್ಗಾಂವಿಗೂ ಸವಣೂರಿಗೂ ನಡುವಿನದು, ಬಂಕಾಪುರದಿಂದ ಟೆಂಪೋ ಹತ್ತಿದರೆ ಅರ್ಧ ತಾಸಿನ ಹಾದಿ. ಇಷ್ಟು ಸಾಕು. ಹೆಸರು ಬರೆದರೆ ಪಕ್ಕದೂರಿನವರು ಓದಿ ನಗುತ್ತಾರೆ. ನಗುವ ಹಕ್ಕು ಅವರಿಗೂ ಇಲ್ಲ.

ಮಂಜವ್ವ ಆ ಊರಿನ ಸೊಸೆ. ತವರು ಹತ್ತಿಮತ್ತೂರು. ಎರಡು ಸಾವಿರದ ಆರನೇ ಇಸವಿಯಲ್ಲಿ ಊರಿಗೆ ಅಂಗನವಾಡಿ ಮಂಜೂರಾಯಿತು. ಕೇರಿಗೂ ಊರಿಗೂ ನಡುವಿನ ಗಾಂವಠಾಣಾದಲ್ಲಿ, ಊರೊಟ್ಟಿನ ಜಾಗದಲ್ಲಿ, ಒಂದು ಕೋಣೆ, ಒಂದು ಅಡಿಗೆಮನೆ ಕಟ್ಟಿದರು. ಟೀಚರ್ ಆಗಿ ವೀರವ್ವ ಬಂದಳು. ಲಿಂಗಾಯತರ ಮನೆಯ ವಿಧವೆ, ಮಾತು ಕಡಿಮೆ, ಕೈ ದೊಡ್ಡದು. ಸಹಾಯಕಿಯ ಜಾಗಕ್ಕೆ ಮಂಜವ್ವನ ಹೆಸರು ಬಂತು. ಆರ್ಡರಿನಲ್ಲಿ ಅವಳ ಕೆಲಸ ಒಂದೊಂದಾಗಿ ಬರೆದಿತ್ತು: ಕೂಸುಗಳನ್ನು ಮನೆಯಿಂದ ಕರೆತರುವುದು, ಕಸ ಹೊಡೆಯುವುದು, ಅಡಿಗೆ ಮಾಡಿ ಬಡಿಸುವುದು, ತಾಟು ತೊಳೆಯುವುದು. ಹಾಡು, ಅಕ್ಷರ, ಲೆಕ್ಕ ಕಲಿಸುವುದು ಟೀಚರ್ ಪಾಲಿಗೆ.

ಮೊದಲ ವಾರ ಕೇರಿಯ ಏಳು ಕೂಸುಗಳು ಬಂದವು. ಊರಿನಿಂದ ಒಂದೂ ಬರಲಿಲ್ಲ. ಯಾಕೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾವು ಬಂಕಾಪುರದ ದಲಿತ ಸಂಘಟನೆಯವರು ಹದಿನೆಂಟು ಮಂದಿ ಹಲಗೆ ಬಡಿದುಕೊಂಡು ಹೋಗಿ ಅಂಗನವಾಡಿ ಮುಂದೆ ಮೂರು ದಿನ ಕೂತೆವು. ಮೂರನೇ ದಿನ ಪರಮೇಶಪ್ಪ ಬಂದ. ಐವತ್ತು ಎಕರೆ ಹೊಲದವನು, ಊರ ಹಿರಿಯ, ಅಂಗನವಾಡಿ ಕಮೀಟಿಗೂ ಅವನೇ ದೊಡ್ಡವನು. ಜಗಳ ಆಡಲಿಲ್ಲ. ಚಹಾ ತರಿಸಿದ, ಕಾಗದದ ಕಪ್ಪಿನಲ್ಲಿ. ಕಾಯಿದೆ ಕಾಯಿದೆಯೇ, ಯಾರ ಹೊಟ್ಟೆಯ ಮೇಲೂ ತಾನು ಹೊಡೆಯುವವನಲ್ಲ, ಆ ಹೆಣ್ಣುಮಗಳು ನೌಕರಿ ಮಾಡಲಿ, ಒಲೆ ಮಾತ್ರ ಮುಟ್ಟುವುದು ಬೇಡ ಅಂದ. ವೀರವ್ವ ಬಾಗಿಲಲ್ಲಿ ನಿಂತಿದ್ದವಳು, ಅಡಿಗೆ ನಾನೇ ಮಾಡತೇನಿ ಬಿಡ್ರಿ, ಹುಡುಗರನ್ನ ಮಂಜವ್ವ ನೋಡಿಕೊಳ್ಳಲಿ ಅಂದಳು.

ನಾವು ಒಪ್ಪಿದೆವು. ಒಪ್ಪಿಸಿದೆವು ಅನ್ನುವುದು ಖರೆ ಮಾತು. ಮಂಜವ್ವ, ಆರ್ಡರಿನಲ್ಲಿ ಹಂಗಿಲ್ಲವಲ್ಲ ಅಣ್ಣಾ ಅಂತ ಕೇಳಿದಳು. ನಾನು ಅವಳನ್ನು ಬದಿಗೆ ಕರೆದು ತಿಳಿಸಿ ಹೇಳಿದೆ. ಗೌಡರ ಮಕ್ಕಳಿಗೆ ನಮ್ಮ ಹೆಣ್ಣುಮಗಳು ಪಾಠ ಹೇಳುವುದು ಒಲೆ ಊದುವುದಕ್ಕಿಂತ ದೊಡ್ಡದಲ್ಲವೇನು ಅಂದೆ. ಬಂಕಾಪುರಕ್ಕೆ ವಾಪಸು ಬರುವಾಗ ಟೆಂಪೋದ ಮೇಲೆ ಕೂತು ಘೋಷಣೆ ಕೂಗಿದೆವು. ಗೆದ್ದವರ ಹಂಗೆ.

ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಟೀಚರ್ ಪಗಾರದವಳು ಒಲೆಯ ಮುಂದೆ ಕೂತಳು, ಸಹಾಯಕಿ ಪಗಾರದವಳು ಪಾಠ ಹೇಳಿದಳು. ಹಾಜರಿ, ವರದಿ, ಪ್ರಗತಿ ಪತ್ರ ಎಲ್ಲವನ್ನೂ ಮಂಜವ್ವ ಬರೆಯುವುದು, ವೀರವ್ವ ಸಹಿ ಮಾಡುವುದು. ಕೂಸುಗಳು ಅನ್ನ ಬಡಿಸುವವಳಿಗೆ ‘ಟೀಚರ್’ ಅನ್ನುತ್ತಿದ್ದವು. ಲೆಕ್ಕ ಕಲಿಸುವವಳಿಗೆ ‘ಏ ಮಂಜವ್ವಾ’. ಮನೆಯಲ್ಲಿ ಹಂಗೇ ಅನ್ನುವುದನ್ನು ಕೇಳಿದ ಬಾಯಿ, ಕೂಸಿನದೇನು ತಪ್ಪು.

ಅವಳು ಕಲಿಸುವುದನ್ನು ನೋಡಬೇಕಿತ್ತು. ಇಲಾಖೆಯವರು ಕೊಟ್ಟ ಬಣ್ಣದ ಪ್ಲಾಸ್ಟಿಕ್ ಮಣಿಗಳು ಟ್ರಂಕಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ಒಂದು ಮಣಿ ಕಳೆದರೂ ಕಾರಣ ಬರೆದುಕೊಡಬೇಕೆಂದು ವೀರವ್ವನಿಗೆ ಹೆದರಿಕೆ. ಮಂಜವ್ವ ಮನೆಮನೆಗೂ ಹೇಳಿ ಕಳಿಸಿದಳು: ಕೂಸಿಗೆ ಒಂದು ಸಣ್ಣ ಚೀಲ ಹೊಲಿದು, ಅದರಲ್ಲಿ ಹತ್ತು ಹುಣಸೀಬೀಜ ಹಾಕಿ ಕೊರಳಿಗೆ ಕಟ್ಟಿ ಕಳಿಸ್ರಿ. ಕೋಣೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದೊಂದು ಕೂಸಿನ ಮುಂದೆ ಒಂದೊಂದು ದುಂಡು ಗೆರೆ ಎಳೆಯುವಳು. ಅದು ಕಣ. ರಾಶಿ ಮಾಡುವ ಕಣ ಯಾವ ಕೂಸಿಗೆ ಗೊತ್ತಿಲ್ಲ? ‘ಮೂರು ಗುಬ್ಬಿ ಕಣಕ್ಕ ಬಂದ್ವು’ ಅಂದರೆ ಮೂರು ಬೀಜ ಒಳಗೆ. ‘ಮತ್ತೆರಡು ಬಂದ್ವು.’ ಈಗ ಎಣಿಸಬೇಕು. ಕೂಡಿಸು ಅನ್ನುವ ಮಾತು ನಾಲ್ಕು ವರ್ಷದ ಕೂಸಿಗೆ ತಿಳಿಯುವುದಿಲ್ಲ, ಬಂತು ಅಂದರೆ ತಿಳಿಯುತ್ತದೆ. ಕಳೆ ಅಂದರೆ ತಿಳಿಯುವುದಿಲ್ಲ, ಹೋತು ಅಂದರೆ ತಿಳಿಯುತ್ತದೆ. ಇದು ಯಾವ ಟ್ರೇನಿಂಗಿನಲ್ಲೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಸಹಾಯಕಿಗೆ ಅಂಥ ಟ್ರೇನಿಂಗೇ ಇಲ್ಲ.

ಊರಿನ ಮನೆಯ ಕೂಸುಗಳು ಎಣಿಸುವಾಗ ‘ಲಾಭ, ಎರಡು, ಮೂರು’ ಅನ್ನುತ್ತಿದ್ದವು. ಅಜ್ಜಂದಿರು ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನಮ್ಮ ಕೇರಿಯ ಕೂಸುಗಳು ಒಂದು ಅಂತಲೇ ಶುರು ಮಾಡುತ್ತಿದ್ದವು. ಅಳೆದು ಒಳಗೆ ಇಟ್ಟುಕೊಳ್ಳುವ ಕಾಳು ನಮ್ಮ ಅಜ್ಜಂದಿರಿಗೆಲ್ಲಿತ್ತು, ಲಾಭ ಅನ್ನಲಿಕ್ಕೆ. ಮಂಜವ್ವ ಎರಡೂ ನಡೆಯುತ್ತದೆ ಅಂದಳು. ಲಾಭ ಅಂದರೂ ಒಂದೇ ಬೀಜ, ಒಂದು ಅಂದರೂ ಒಂದೇ ಬೀಜ.

ಕಳೆಯುವ ಲೆಕ್ಕ ಕಷ್ಟದ್ದು. ಐದರಲ್ಲಿ ಎರಡು ತೆಗೆ ಅಂದರೆ ಕೂಸು ತೆಗೆದ ಎರಡನ್ನೇ ನೋಡಿ ‘ಎರಡು’ ಅನ್ನುತ್ತದೆ. ಮಂಜವ್ವ ಆ ಎರಡನ್ನು ಮುಷ್ಟಿಯಲ್ಲಿ ಹಿಡಿಸಿ, ಕೈ ಬೆನ್ನ ಹಿಂದೆ ಇಡಿಸುವಳು. ‘ಹೋದದ್ದನ್ನ ನೋಡಬ್ಯಾಡ, ಇದ್ದದ್ದನ್ನ ಎಣಸು.’ ಮೂವತ್ತು ಕೂಸುಗಳು ಒಂದೊಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೆಲ ನೋಡುತ್ತ ಎಣಿಸುವುದನ್ನು ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಈ ಊರಿನ ಹುಡುಗರು ಒಂದನೇ ಇಯತ್ತೆಗೆ ಹೋದಾಗ ಅಲ್ಲಿಯ ಮಾಸ್ತರರು, ಇವಕ್ಕೆ ನಾವು ಕಲಿಸುವುದೇನು ಉಳಿದಿಲ್ಲ, ವೀರವ್ವ ಟೀಚರ್ ಕಲಿಸಿ ಕಳಿಸ್ಯಾರ ಅನ್ನುತ್ತಿದ್ದರು.

ಹೋದ ವರ್ಷ ವೀರವ್ವನಿಗೆ ಅರವತ್ತು ತುಂಬಿತು. ಟೀಚರ್ ಜಾಗ ಖಾಲಿಯಾಗುವುದಿತ್ತು.

ಸುಮೇರಾ ಅಂತ ಸೂಪರ್ವೈಜರ್ ಮೇಡಂ. ಮೂವತ್ತು ಅಂಗನವಾಡಿ ತಿರುಗುವ ಹೆಣ್ಣುಮಗಳು, ಸ್ಕೂಟಿಯ ಮೇಲೆ ಬಿಸಿಲಲ್ಲಿ ಸುಟ್ಟು ಕರಕಾಗಿದ್ದಳು. ನಡೆಯುತ್ತಿದ್ದುದು ಅವಳಿಗೆ ಗೊತ್ತಿತ್ತು, ಅವಳಿಗಿಂತ ಮೊದಲಿದ್ದವರಿಗೂ ಗೊತ್ತಿತ್ತು. ಮಂಜವ್ವನನ್ನು ಕೂರಿಸಿಕೊಂಡು ಹೇಳಿದಳು: ಓದು ಇದ್ದರೆ ಅದೇ ಕೇಂದ್ರದ ಸಹಾಯಕಿಯನ್ನು ಟೀಚರ್ ಮಾಡಬಹುದು. ಮಾಡಲೇಬೇಕು ಅಂತಿಲ್ಲ. ನೀ ಕಲಿಸಿದ್ದಕ್ಕೆ ಕಾಗದದಲ್ಲಿ ಏನೂ ಪುರಾವೆ ಇಲ್ಲ, ಎಲ್ಲಾ ವೀರವ್ವನ ಸಹಿ. ದೊಡ್ಡ ಸಾಹೇಬರು ನೋಡಲು ಬರುತ್ತಾರೆ. ಆವತ್ತು ವೀರವ್ವ ಬಾಯಿ ಬಿಟ್ಟು ಹೇಳಬೇಕು, ಇಲ್ಲಾ ಕೂಸುಗಳ ಬಾಯಿಂದ ಬರಬೇಕು. ಮೂರನೇ ದಾರಿ ಇಲ್ಲ.

ಮಂಜವ್ವ ಅರ್ಜಿ ಹಾಕಿದಳು. ನಲವತ್ನಾಲ್ಕು ವರ್ಷದವಳು. ಪಗಾರ ಹೆಚ್ಚಾಗುತ್ತಿತ್ತು, ಅದು ಬೇಕಾಗಿತ್ತು, ಆದರೆ ಅವಳು ಅದರ ಮಾತೇ ಎತ್ತಲಿಲ್ಲ. ‘ನನ್ನ ಸಹಿ ನಾನ ಮಾಡಬೇಕಣ್ಣಾ’ ಅಂದಳು. ‘ಹತ್ತೊಂಬತ್ತ ವರ್ಷ ನಾ ಬರದಿದ್ದಕ್ಕ ಮತ್ತೊಬ್ಬಾಕಿ ಹೆಸರ ಹಾಕಿ ಕೊಟ್ಟೇನಿ.’

ವೀರವ್ವ ಮಾತು ಕೊಟ್ಟಳು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, ನನ್ನ ಎದುರಿಗೇ ಹೇಳಿದಳು. ‘ನನ್ನ ಬಾಯಿಲೆ ಹೇಳತೇನ ತಗೋ ಮಂಜವ್ವಾ. ನಿನ್ನ ಋಣಾ ಇಟಗೊಂಡು ಲಿಂಗದೊಳಗ ಹೆಂಗ ಬೆರೀಲಿ.’ ಆ ಮಾತು ಸುಳ್ಳಾಗಿರಲಿಲ್ಲ. ಆವತ್ತಿಗೆ ಸುಳ್ಳಾಗಿರಲಿಲ್ಲ.

ಇನ್ನೊಂದು ಆಸರೆಯೂ ಇತ್ತು ಮಂಜವ್ವನಿಗೆ: ಪರಮೇಶಪ್ಪನ ಮೊಮ್ಮಗಳು ನೀಲವ್ವ. ತೀರಿಕೊಂಡ ಮುತ್ತಜ್ಜಿಯ ಹೆಸರು ಹೊತ್ತ, ನಾಲ್ಕೂವರೆ ವರ್ಷದ, ಮೂಗು ಸೋರುವ, ಚೂಪು ಕಣ್ಣಿನ ಕೂಸು. ಕಮೀಟಿ ಹಿರಿಯನ ಮನೆಯ ಕೂಸೇ ಬರದಿದ್ದರೆ ಕೇಂದ್ರದ ಸಂಖ್ಯೆ ಹೇಗೆ ನಿಂತೀತು ಅಂತ ಕಳಿಸುತ್ತಿದ್ದರು. ಲೆಕ್ಕದಲ್ಲಿ ಅದು ಬೆಂಕಿ. ಬೇರೆ ಕೂಸುಗಳು ಬೀಜ ಮುಟ್ಟಿ ಮುಟ್ಟಿ ಎಣಿಸಿದರೆ ಇದು ಬೀಜ ನೋಡದೆ ಹೇಳುವುದು. ಹತ್ತರಲ್ಲಿ ಮೂರು ಹೋದರೆ ಏಳು, ಹತ್ತರಲ್ಲಿ ಆರು ಹೋದರೆ ನಾಲ್ಕು. ಹತ್ತರಿಂದ ಕಳೆಯುವುದಂತೂ ಕಣ್ಣು ಮುಚ್ಚಿ. ಹತ್ತೊಂಬತ್ತು ವರ್ಷದಲ್ಲಿ ಇಂಥದೊಂದನ್ನು ತಾನು ಕಂಡಿಲ್ಲ ಅಂತ ಮಂಜವ್ವ ಹೇಳುತ್ತಿದ್ದಳು. ‘ಅಣ್ಣಾ, ಆ ಕೂಸು ನಾ ಕಲಿಸಿದ್ದಕ್ಕಿಂತ ಮುಂದ ಹೋಗೇತಿ. ಎಲ್ಲಿಂದ ಕಲೀತೈತೋ.’ ಸಾಹೇಬರು ಬಂದ ದಿನ ನೀಲವ್ವನನ್ನು ಮುಂದೆ ನಿಲ್ಲಿಸುವುದು ಅಂತ ಅವಳು ಠರಾಯಿಸಿದ್ದಳು. ಪರಮೇಶಪ್ಪನ ಮೊಮ್ಮಗಳ ಬಾಯಿಂದಲೇ ತನ್ನ ಹೆಸರು ಬಂದರೆ ಪರಮೇಶಪ್ಪ ಏನು ಹೇಳಿಯಾನು?

ಸಾಹೇಬರು ಬರುವುದಕ್ಕೆ ಎರಡು ದಿನ ಮೊದಲು ಪರಮೇಶಪ್ಪ ವೀರವ್ವನ ಮನೆಗೆ ಹೋಗಿ ಬಂದ. ಆತ ಏನು ಹೇಳಿದ ಅನ್ನುವುದು ನನಗೆ ಆಮೇಲೆ ವೀರವ್ವನಿಂದಲೇ ತಿಳಿಯಿತು. ಹೆದರಿಸಲಿಲ್ಲವಂತೆ. ನಿನ್ನ ಸಲುವಾಗಿ ಹೇಳತೇನಿ ಅಂದನಂತೆ. ಕಲಿಸಿದವಳು ಮಂಜವ್ವ ಅಂತ ನೀ ಹೇಳಿದರೆ, ಸರಕಾರದವರು ಮೊದಲು ಕೇಳುವುದು ನಿನ್ನನ್ನೇ: ಹಂಗಾದರೆ ಹತ್ತೊಂಬತ್ತು ವರ್ಷ ನೀ ಏನು ಮಾಡಿದಿ? ನಿವೃತ್ತಿಯಾದ ಮೇಲೆ ಬರುವುದೆಲ್ಲ ನಿಂತುಹೋಗುತ್ತದೆ, ವಿಚಾರಣೆ ಅಂತ ಅಲೆದಾಡಿಸುತ್ತಾರೆ. ಅಡಿಗೆ ಮಾಡು ಅಂತ ಊರು ಹೇಳಿತ್ತು ಅನ್ನುತ್ತೀಯಾ? ಊರು ಎಲ್ಲಿ ಸಹಿ ಮಾಡೇತಿ?

ಟೀಚರ್ ಆಗಿ ಮಂಜವ್ವ ಬಂದರೆ ಊರಿಗೇನು ತ್ರಾಸು, ಹೆಂಗೂ ಕಲಿಸುವವಳು ಅವಳೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ತ್ರಾಸು ಇತ್ತು. ಅವಳು ಟೀಚರ್ ಆದರೆ ಸಹಾಯಕಿ ಬೇರೆ ಬರಬೇಕು. ಒಲೆ ಮುಟ್ಟಬೇಕಾದರೆ ಆ ಸಹಾಯಕಿ ಊರಿನವಳೇ ಆಗಬೇಕು. ಊರಿನ ಹೆಣ್ಣುಮಗಳು ಮಂಜವ್ವನ ಕೈಕೆಳಗೆ ಕಸ ಹೊಡೆಯಬೇಕು, ಅವಳು ಹೇಳಿದ ಹಾಗೆ ಕೇಳಬೇಕು, ಅವಳು ಸಹಿ ಮಾಡಿದರೆ ಪಗಾರ ತಗೊಳ್ಳಬೇಕು. ಪರಮೇಶಪ್ಪ ಸಣ್ಣ ಲೆಕ್ಕದ ಮನುಷ್ಯನಲ್ಲ. ಇದನ್ನೆಲ್ಲ ಎಣಿಸಿದ್ದ. ಅವನ ಸೊಸೆ ತನುಜಾ ಪಿಯುಸಿ ಪಾಸಾದವಳು. ನೀಲವ್ವನ ತಾಯಿ. ಅವಳದೂ ಒಂದು ಅರ್ಜಿ ಹೋಗಿತ್ತು.

ಸಾಹೇಬರು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮೂವತ್ತನಾಲ್ಕು ಕೂಸುಗಳು ಸಾಲಾಗಿ ಕೂತಿದ್ದವು, ಕೊರಳಿಗೆ ಚೀಲ. ಊರಿನವರು ಇಪ್ಪತ್ತಮೂರು, ಕೇರಿಯವರು ಹನ್ನೊಂದು. ಸುಮೇರಾ ಮೇಡಂ ಇದ್ದಳು. ಪರಮೇಶಪ್ಪ ಖುರ್ಚಿಯ ಮೇಲೆ ಕೂತಿದ್ದ. ಪಾಲಕರೆಂದು ಒಂದಿಷ್ಟು ಜನ ಬಾಗಿಲಲ್ಲಿ, ಅವರ ಹಿಂದೆ ನಾನು. ಮಂಜವ್ವ ತನ್ನಲ್ಲಿದ್ದ ಮಾಸದ ಒಂದೇ ಒಂದು ಸೀರೆ ಉಟ್ಟು, ಗೋಡೆಗೆ ಆನಿಕೊಂಡು ನಿಂತಿದ್ದಳು. ಕೈಯಲ್ಲಿ ಸುಣ್ಣದ ಕಡ್ಡಿ.

ಸಾಹೇಬರು ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಕಾಗದ ತಿರುವಿ ಹಾಕಿ, ವೀರವ್ವನನ್ನು ಕರೆದು, ಇಷ್ಟು ವರ್ಷ ಈ ಮಕ್ಕಳಿಗೆ ಕಲಿಸಿದವರು ನೀವೇ ಅಲ್ಲವೇ, ಸಹಾಯಕಿ ಅರ್ಜಿಯಲ್ಲಿ ತಾನು ಅಂತ ಬರೆದಿದ್ದಾಳಲ್ಲ ಅಂತ ಕೇಳಿದರು.

ವೀರವ್ವ ತನ್ನ ಕೈ ನೋಡಿಕೊಂಡಳು. ಹತ್ತೊಂಬತ್ತು ವರ್ಷದ ಒಲೆಯ ಕೈ, ಬೆರಳ ತುದಿಯೆಲ್ಲ ಸುಟ್ಟ ಕಲೆ. ಆ ಕೈ ನೋಡಿದ ಯಾರಿಗಾದರೂ ಖರೆ ಯಾವುದು ಅಂತ ತಿಳಿಯುತ್ತಿತ್ತು. ಸಾಹೇಬರು ಮುಖ ನೋಡುತ್ತಿದ್ದರು.

‘ನಾನ ಕಲಿಸೇನ್ರಿ’ ಅಂದಳು ವೀರವ್ವ. ‘ಆಕಿ ಹುಡುಗರನ್ನ ಕರಕೊಂಡ ಬರತಿದ್ಲು.’

ಮಂಜವ್ವನ ಕೈಯಲ್ಲಿ ಸುಣ್ಣದ ಕಡ್ಡಿ ಪಟ್ಟನೆ ಮುರಿದದ್ದು ನನಗೆ ಕೇಳಿಸಿತು.

ಆಗ ಸುಮೇರಾ ಮೇಡಂ ಒಂದು ಧೈರ್ಯ ಮಾಡಿದಳು. ಸರ್, ಮಕ್ಕಳನ್ನೇ ಒಂದು ಮಾತು ಕೇಳಿ ನೋಡ್ರಿ, ಮಕ್ಕಳಿಗೆ ಸುಳ್ಳು ಬರುವುದಿಲ್ಲ ಅಂದಳು. ಸಾಹೇಬರು ನಕ್ಕು, ಆಯಿತು ಅಂದರು. ನೀಲವ್ವ ಎದ್ದು ಬಂತು, ಕರೆಯುವುದರೊಳಗೆ. ಮಂಜವ್ವನ ಮುಖದಲ್ಲಿ ಮತ್ತೆ ಜೀವ ಬಂದದ್ದು ಕಂಡೆ.

ಹತ್ತರಲ್ಲಿ ನಾಲ್ಕು ಹೋದರೆ ಎಷ್ಟು ಅಂತ ಕೇಳಿದರು. ಆರು. ಹತ್ತರಲ್ಲಿ ಏಳು? ಮೂರು. ಒಂಬತ್ತರಲ್ಲಿ ಐದು? ನಾಲ್ಕು. ಆರಕ್ಕೆ ನಾಲ್ಕು ಬಂದರೆ? ಹತ್ತು. ಚೀಲದ ಗಂಟು ಬಿಚ್ಚಲೇ ಇಲ್ಲ ಕೂಸು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದನೇ ಇಯತ್ತೆಯ ಹುಡುಗರೂ ಹೀಗೆ ಹೇಳುವುದಿಲ್ಲ ಅಂದರು. ಆಮೇಲೆ ಬಗ್ಗಿ ಕೇಳಿದರು, ಇಷ್ಟು ಚೊಲೋ ಲೆಕ್ಕ ನಿನಗ ಯಾರು ಕಲಿಸಿದರವ್ವಾ?

ನೀಲವ್ವ ಮಂಜವ್ವನ ಕಡೆ ಒಮ್ಮೆ ನೋಡಿತು. ನಕ್ಕಿತು ಕೂಡ.

‘ನಮ್ಮ ಆಯಿ’ ಅಂದಿತು.

ಆಯಿ ಅಂದರೆ ಅಜ್ಜಿ, ಪರಮೇಶಪ್ಪನ ಹೆಂಡತಿ. ಪರಮೇಶಪ್ಪ ಖುರ್ಚಿಯಲ್ಲಿ ಹಿಂದೆ ಒರಗಿದ. ಸಾಹೇಬರಿಗೆ ಖುಷಿಯಾಯಿತು. ಆಯಿ ಮನೆಯಲ್ಲಿ ಹೆಂಗ ಕಲಿಸುತ್ತಾರೆ ಅಂತ ಕೇಳಿದರು. ಅದು ಕೇಳಬಾರದಿತ್ತು. ಅಥವಾ ಕೇಳಿದ್ದೇ ಒಳ್ಳೆಯದಾಯಿತೋ ಏನೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

‘ಬಾಗಲದಾಗ ನಿಂದರಸತಾಳ’ ಅಂದಿತು ಕೂಸು, ಪಾಠ ಒಪ್ಪಿಸಿದ ಹಾಗೆ. ‘ಚೀಲಾ ಬಿಚ್ಚತಾಳ. ಮಂಜವ್ವ ಇವತ್ತ ಎಷ್ಟ ಬೀಜಾ ಮುಟ್ಟಿದ್ಲು ಅಂತ ಕೇಳತಾಳ. ಮೂರು ಅಂದ್ರ ಮೂರು ತಿಪ್ಪಿಗೆ ಒಗೀಬೇಕು. ಉಳದದ್ದು ಎಷ್ಟು ಅಂತಾಳ. ಏಳು. ಆಮ್ಯಾಲೆ ಹೊಸಾವು ಮೂರು ಕೊಡತಾಳ. ಮತ್ತ ಹತ್ತು.’

ಸಾಹೇಬರು ಬಗ್ಗಿಯೇ ಇದ್ದರು. ಇನ್ನೂ ಹೇಳುವುದಿದೆ ಅಂದುಕೊಂಡಿತು ಕೂಸು.

‘ಒಮ್ಮೆ ಮಂಜವ್ವ ಹತ್ತೂ ಮುಟ್ಟಿದ್ಲು. ಆವತ್ತ ಒಂದೂ ಉಳೀಲಿಲ್ಲ.’

ದಿನಾ ಸಂಜೆ ಆ ಮನೆಯ ಬಾಗಿಲಲ್ಲಿ ಎರಡು ಲೆಕ್ಕ. ಒಂದು ಕಳೆಯುವುದು, ಒಂದು ಕೂಡಿಸುವುದು. ವರ್ಷವಿಡೀ, ರವಿವಾರ ಬಿಟ್ಟು. ಯಾವ ಬೀಜ ಮಂಜವ್ವನ ಬೆರಳಿಗೆ ಹತ್ತಿದ್ದು ಅಂತ ನೆನಪಿಟ್ಟುಕೊಳ್ಳಬೇಕೆಂದರೆ ಕೂಸಿನ ಬುದ್ಧಿ ಎಷ್ಟು ಚೂಪಾಗಬೇಡ. ಎಲ್ಲಿಂದ ಕಲಿಯುತ್ತದೋ ಅಂತ ಮಂಜವ್ವ ಹೊಗಳುತ್ತಿದ್ದಳಲ್ಲ, ಅಲ್ಲಿಂದ.

ಬಾಗಿಲಲ್ಲಿದ್ದ ಒಬ್ಬಿಬ್ಬರು ಹೆಣ್ಣುಮಕ್ಕಳು ಸೆರಗು ಬಾಯಿಗೆ ಅಡ್ಡ ಹಿಡಿದರು. ನಾಚಿಕೆಗೋ ನಗೆಗೋ. ಪರಮೇಶಪ್ಪ ಎದ್ದು ಕೂಸಿನ ಭುಜ ಹಿಡಿದು, ಹುಡುಗಾಟದ ಕೂಸ್ರಿ ಸಾಹೇಬ್ರ, ಏನೋ ಹೇಳತೈತಿ ಅಂದ. ಸಾಹೇಬರ ಮುಖ ಒಂದು ಗಳಿಗೆ ಕೆಂಪಾಯಿತು. ಮಂಜವ್ವನ ಕಡೆ ನೋಡಲು ಹೋಗಿ, ಕಣ್ಣು ಗೋಡೆಯ ಮೇಲಿನ ಹಣ್ಣಿನ ಚಿತ್ರದ ಮೇಲೆ ಇಟ್ಟರು. ಪೆನ್ನು ತೆಗೆದು ಬರೆದರು. ಏನು ಬರೆದರು ಅನ್ನುವುದನ್ನು ಸುಮೇರಾ ಮೇಡಂ ಆಮೇಲೆ ನನಗೆ ತೋರಿಸಿದಳು: ‘ಮಕ್ಕಳ ಗಣಿತ ಕಲಿಕೆ ಉತ್ತಮವಾಗಿದೆ. ಮನೆಯಲ್ಲಿ ಪಾಲಕರ ಸಹಕಾರ ಶ್ಲಾಘನೀಯ.’

ನಾನು ಹೊರಗೆ ಬಂದು ಕೂಗಾಡಿದೆ. ಕೇಸು ಹಾಕೋಣ, ಇವರ ಅಜ್ಜಿಯಿಂದ ಹಿಡಿದು ಅಜ್ಜನತನಕ ಒಳಗೆ ಹಾಕಿಸೋಣ ಅಂದೆ. ಮಂಜವ್ವ ಕೂಸುಗಳ ಚಪ್ಪಲಿ ಜೋಡಿಸುತ್ತ ಕೂತಿದ್ದಳು. ಸಾಕ್ಷಿ ಯಾರು ಅಂತ ಕೇಳಿದಳು. ನಾಲ್ಕೂವರೆ ವರ್ಷದ ಆ ಕೂಸನ್ನು ಪೊಲೀಸ್ ಸ್ಟೇಶನ್ನಿಗೆ ಕರೆದುಕೊಂಡು ಹೋಗಿ, ಹತ್ತರಲ್ಲಿ ಎಷ್ಟು ಹೋತು ಅಂತ ಕೇಳಿಸುತ್ತೀರೇನು ಅಂದಳು. ಅಷ್ಟರಲ್ಲಿ ನೀಲವ್ವ ಬಂದು, ಏ ಮಂಜವ್ವಾ, ನನ್ನ ಚಪ್ಪಲ್ ಎಲ್ಲಿ ಅಂತ ಕೇಳಿತು. ಮಂಜವ್ವ ತೋರಿಸಿದಳು. ಕೈಯಿಂದ ಎತ್ತಿ ಕೊಡಲಿಲ್ಲ. ಕೊಟ್ಟರೆ ಚಪ್ಪಲಿಯೂ ತಿಪ್ಪೆಗೆ ಹೋದೀತೆಂದೋ ಏನೋ.

ಒಂದೂವರೆ ತಿಂಗಳಿಗೆ ಆರ್ಡರ್ ಬಂತು. ತನುಜಾ ಟೀಚರ್ ಆದಳು.

ತನುಜಾ ಕೆಟ್ಟ ಹುಡುಗಿ ಅಲ್ಲ. ಮೊದಲ ದಿನ ಹೊಸ ಸೀರೆ ಉಟ್ಟು ಬಂದು, ಮೂವತ್ತನಾಲ್ಕು ಕೂಸುಗಳ ನಡುವೆ ಅರ್ಧ ತಾಸು ಕೂತು, ತಲೆ ಹಿಡಿದುಕೊಂಡಳು. ಒಂದು ಅತ್ತರೆ ನಾಲ್ಕು ಅಳುತ್ತವೆ, ಒಂದು ಓಡಿದರೆ ಹತ್ತು ಓಡುತ್ತವೆ. ಮಂಜವ್ವನನ್ನು ಕರೆದು, ಮೊದಲು ಹೆಂಗ ನಡೀತಿತ್ತೋ ಹಂಗ ನಡೀಲಿ, ನಾ ಒಳಗ ಅಡಿಗಿ ನೋಡಕೋತೇನಿ, ನೀ ಇವರನ್ನ ನೋಡಕೋ ಅಂದಳು. ಹತ್ತೊಂಬತ್ತು ವರ್ಷ ನಡೆದದ್ದು ಇನ್ನೂ ಹತ್ತೊಂಬತ್ತು ವರ್ಷ ನಡೆಯುವುದಿತ್ತು. ಊರಿಗೂ ಅದೇ ಬೇಕಾಗಿತ್ತು.

ಮಂಜವ್ವ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ಎರಡು ಸಾವಿರದ ಆರನೇ ಇಸವಿಯ ಆರ್ಡರ್, ಮಡಿಕೆ ಮಡಿಕೆಗೆ ಹರಿದಿತ್ತು.

‘ಇದರಾಗ ಬರದಾರ್ರಿ ಟೀಚರ. ಅಡಿಗಿ ನಂದು, ಕಲಸೂದು ನಿಮ್ದು.’

ಇಷ್ಟು ಹೇಳಿ ಅಡಿಗೆಮನೆಗೆ ಹೋದಳು. ಒಲೆ ಹಚ್ಚಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಒಲೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಅಕ್ಕಿ ಬೇಳೆ ಅಳೆದು, ಮೂವತ್ತನಾಲ್ಕು ಕೂಸುಗಳ ಅನ್ನ ಸಾರು ಮಾಡಿದಳು. ತನುಜಾ ಓಡಿಹೋಗಿ ಮಾವನಿಗೆ ಹೇಳಿದಳು. ಪರಮೇಶಪ್ಪ ಈ ಸಲ ಚಹಾ ತರಿಸಲಿಲ್ಲ. ಬಾಗಿಲಲ್ಲಿ ನಿಂತು, ಇದೇನ ಹೊಸಾ ಆಟಾ ಅಂತ ಕೇಳಿದ. ಮಂಜವ್ವ ಅವನಿಗೂ ಅದೇ ಕಾಗದ ತೋರಿಸಿದಳು. ಬೇಕಾದರೆ ಸಾಹೇಬರಿಗೆ ಬರೆದುಕೊಡ್ರಿ, ಸಹಾಯಕಿ ಅಡಿಗಿ ಮಾಡಾಕತ್ತಾಳ ಅಂತ ಅಂದಳಂತೆ. ಹಾಗೆ ಬರೆಯುವುದು ಹೇಗೆ? ಬರೆದರೆ ಅದೇ ದೊಡ್ಡ ಕೇಸು. ಪರಮೇಶಪ್ಪನಿಗೆ ಕಾಯಿದೆ ನಮಗಿಂತ ಚೊಲೋ ಗೊತ್ತು.

ಬರೆಯುವ ಬದಲು ಕೂಸುಗಳನ್ನು ತೆಗೆದರು. ಮರುದಿನ ಊರಿನಿಂದ ಹದಿನಾಲ್ಕು ಬಂದವು. ಅದರ ಮರುದಿನ ಆರು. ಶನಿವಾರದ ಹೊತ್ತಿಗೆ ಒಂದೂ ಇಲ್ಲ. ನೀಲವ್ವ ಈಗ ಹಳದಿ ವ್ಯಾನಿನಲ್ಲಿ ಶಿಗ್ಗಾಂವಿಗೆ ಹೋಗುತ್ತದೆ, ಟೈ ಕಟ್ಟಿಕೊಂಡು. ಅಲ್ಲಿ ಇಂಗ್ಲಿಷಿನಲ್ಲಿ ಎಣಿಸುವುದು ಕಲಿಸುತ್ತಾರಂತೆ. ಅಲ್ಲಿ ಬೀಜ ಇಲ್ಲ, ಅದರ ಆಯಿಗೆ ಈಗ ಸಂಜೆ ಕೆಲಸ ಇಲ್ಲ.

ಉಳಿದದ್ದು ಹನ್ನೊಂದು. ಎಲ್ಲಾ ನಮ್ಮ ಕೇರಿಯವು. ಅವಕ್ಕೆ ತನುಜಾ ಮೊಬೈಲಿನಲ್ಲಿ ಹಾಡು ಹಚ್ಚಿ ಕೂಡಿಸುತ್ತಾಳೆ. ಕಣದ ಗೆರೆಗಳು ನೆಲದ ಮೇಲೆ ಅಳಿಸಿಹೋಗಿವೆ. ನಾಲ್ಕು ತಿಂಗಳಾಯಿತು, ಒಂದು ಕೂಸಿಗೂ ಐದರಲ್ಲಿ ಎರಡು ಹೋದರೆ ಎಷ್ಟು ಅಂತ ಬರುವುದಿಲ್ಲ. ಕೇಳಿದರೆ ಎರಡು ಅನ್ನುತ್ತವೆ. ಸಂಖ್ಯೆ ಇಷ್ಟಕ್ಕಿಳಿದರೆ ಕೇಂದ್ರವನ್ನು ಪಕ್ಕದೂರಿಗೆ ಸೇರಿಸುತ್ತಾರೆ ಅಂತ ಸುಮೇರಾ ಮೇಡಂ ಹೇಳಿ ಹೋಗಿದ್ದಾಳೆ. ಹಂಗಾದರೆ ಮಂಜವ್ವನ ನೌಕರಿಯೂ ಉಳಿಯುವುದು ಕಷ್ಟ. ಕೇರಿಯ ತಾಯಂದಿರು ನನ್ನ ಹತ್ತಿರ ಬಂದರು. ಆಕಿ ಸಿಟ್ಟು ಊರಿನ ಮ್ಯಾಲ, ಬಡಿಸೂದು ನಮ್ಮ ಕೂಸಿಗೇನು ಅಂತ ಬೈದರು. ಆ ಬೈಗುಳದಲ್ಲಿ ತಪ್ಪಿರಲಿಲ್ಲ.

ಹೋದ ತಿಂಗಳು ನಾನು ಹೋದೆ. ಮಂಜವ್ವ ಹಿತ್ತಲ ಕಲ್ಲಿನ ಮೇಲೆ ತಾಟು ತೊಳೆಯುತ್ತಿದ್ದಳು. ಹಾದಿಯಲ್ಲಿ ಹೋಗುವ ಬರುವ ಎಲ್ಲರಿಗೂ ಕಾಣುವ ಜಾಗ. ಪಕ್ಕದಲ್ಲಿ ಕೂತು, ಕೇರಿಯವರ ಮಾತು ಹೇಳಿದೆ. ಅವಳು ಕೇಳಿಸಿಕೊಂಡಳು.

‘ಹೋದವರ ಮಾತ ಬಿಡವ್ವಾ. ಇದ್ದ ಹನ್ನೊಂದಕ್ಕಾದ್ರೂ ಕಲಸು’ ಅಂದೆ. ‘ಹೋದದ್ದನ್ನ ನೋಡಬ್ಯಾಡ, ಇದ್ದದ್ದನ್ನ ಎಣಸು ಅಂತ ನೀನ ಹೇಳತಿದ್ದೆಲ್ಲ.’

‘ಹೇಳತಿದ್ದೆ’ ಅಂದಳು. ‘ಅದು ಕೂಸಗೋಳಿಗೆ.’

ಇನ್ನೊಂದು ತಾಟಿಗೆ ಬೂದಿ ಹಚ್ಚಿದಳು. ಆಮೇಲೆ ನನ್ನ ಮುಖ ನೋಡದೆ ಅಂದಳು: ‘ಆವತ್ತ ನೀವ ಹೇಳಿದ್ರಿ, ಒಲೀ ಬಿಟ್ಟುಕೊಡು, ಪಾಠಾ ದೊಡ್ಡದು ಅಂತ. ಬಿಟ್ಟುಕೊಟ್ಟೆ. ಒಲೀನೂ ಹೋತು, ಪಾಠಾನೂ ಅವರ ಹೆಸರಿಗೆ ಹೋತು. ಈಗ ಒಲೀ ಹಿಡದೇನಿ. ಇದನ್ನೂ ಬಿಡು ಅಂತ ಹೇಳಾಕ ಬಂದೀರೇನಣ್ಣಾ?’

ಅದನ್ನೇ ಹೇಳಲು ಬಂದಿದ್ದೆ. ನಲವತ್ತು ವರ್ಷ ಮೈಕಿನ ಮುಂದೆ ನಿಂತ ಬಾಯಿ ಇದು.

ಬೂದಿ ಹಚ್ಚಿ ಉಜ್ಜಿದ ತಾಟುಗಳನ್ನು ಅವಳು ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಹನ್ನೊಂದು ಮುಗಿದವು. ಅವಳು ನಿಲ್ಲಿಸಲಿಲ್ಲ. ಬಳಸದ, ಒಣಗಿದ, ಹೊಳೆಯುವ ತಾಟುಗಳ ಇನ್ನೊಂದು ಸಾಲು ಎಳೆದುಕೊಂಡಳು. ಕೂಸುಗಳಿರುವುದು ಹನ್ನೊಂದು, ತಾಟು ಯಾಕೆ ಅಷ್ಟು ತೊಳೆಯುತ್ತೀ ಅಂತ ಕೇಳಿದೆ.

‘ಹಾಜರಿ ಪುಸ್ತಕದಾಗ ಇನ್ನೂ ಮೂವತ್ನಾಕು ಹೆಸರ ಅದಾವ’ ಅಂದಳು.

ಹಾದಿಯಲ್ಲಿ ಪರಮೇಶಪ್ಪನ ಹೆಂಡತಿ ಗುಡಿಯ ಕಡೆ ಹೊರಟಿದ್ದಳು. ಮಂಜವ್ವ ತಲೆ ಎತ್ತಲಿಲ್ಲ. ಒಂದು ತಾಟು ಎತ್ತಿಕೊಂಡಳು, ಒಳಗೆ ಹೊರಗೆ ಅಂಗೈ ಪೂರಾ ಆಡಿಸಿ ತೊಳೆದಳು, ಬಿಸಿಲಿಗೆ ಇಟ್ಟಳು. ಇನ್ನೊಂದು ಎತ್ತಿಕೊಂಡಳು.